ಎಂಟನೆಯವಳು

ಮೊದಲನೆಯ ತುರುಬಿಗೆ ಅಬ್ಬಲಿಗೆ, ಎರಡನೆಯದಕ್ಕೆ ನಿನ್ನೆಯ ಸೇವಂತಿಗೆಯ ತುಂಡು, ಮೂರನೆಯದು ತುರುಬಲ್ಲ ಜಡೆ, ಸೀಟಿನ ಕಬ್ಬಿಣದ ಸರಳಿನ ಮೇಲಿಂದ ಹಿಂದಕ್ಕೆ ಜಾರಿ ನನ್ನ ಮೊಣಕಾಲಿನ ಬಳಿಯೇ ತೂಗಾಡುತ್ತಿದೆ, ತುದಿಗೆ ಕೆಂಪು ರಿಬ್ಬನ್ನು, ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಜೀವವಿರುವಂತೆ ಒಮ್ಮೆ ಹೊರಳುತ್ತದೆ, ನಾಲ್ಕನೆಯದು ನರೆತ ಗಂಟು, ಐದು, ಆರು, ಏಳನೆಯವಳು ತಲೆಯ ಮೇಲೆ ಸೆರಗು ಹೊದ್ದಿದ್ದಾಳೆ, ಒಳಗೆ ಎಷ್ಟಿದೆಯೋ ತಿಳಿಯದು, ಆದರೂ ಇದೆ, ಎಲ್ಲರಿಗೂ ಇದೆ — ಎಂಟನೆಯವಳು ಯಾರು, ಡ್ರೈವರನ ಹಿಂದೆ ಕಿಟಕಿಗೆ ಒರಗಿ ತೂಕಡಿಸುತ್ತಿರುವವಳೋ, ಅಥವಾ ನಾನೋ. ನಿಮ್ಮಂಥ ಹತ್ತು ಜನರಿದ್ದಾರೆ ಎಂದು ಇಟ್ಟುಕೊಳ್ಳಿ, ಎಂದಿದ್ದರು ಮಣಿಪಾಲದ ಡಾಕ್ಟರು, ಎರಡೂ ಅಂಗೈಗಳನ್ನು ಮುಖದೆದುರು ಬಿಡಿಸಿ ಹಿಡಿದು, ನಿಮ್ಮ ಎದೆಯ ಗಂಟು ಬೇಗ ಸಿಕ್ಕಿತು, ಕಂಕುಳಿಗೆ ಹರಡಿಲ್ಲ, ಆಪರೇಷನ್ನಿನಲ್ಲಿ ಎಲ್ಲ ತೆಗೆದಾಗಿದೆ, ಈ ಹತ್ತರಲ್ಲಿ ಏಳು ಜನರಿಗೆ ಇನ್ನು ಯಾವ ಔಷಧಿಯೂ ಬೇಡ, ಅವರು ಹೀಗೆಯೇ ಬದುಕುತ್ತಾರೆ — ಒಂದೊಂದಾಗಿ ಏಳು ಬೆರಳು ಮಡಚಿದರು — ಆದರೆ ನಿಮಗೆ ಇಪ್ಪತ್ತೇಳು, ಚಿಕ್ಕ ಪ್ರಾಯದವರಲ್ಲಿ ಕ್ಯಾನ್ಸರು ಮರಳಿ ಬರುವುದು ಹೆಚ್ಚು, ಆರು ತಿಂಗಳು ರಕ್ತನಾಳಕ್ಕೆ ಔಷಧಿ ಕೊಟ್ಟರೆ ಈ ಏಳು ಎಂಟಾಗಬಹುದು. ಎಂಟನೆಯ ಬೆರಳನ್ನು ಮಡಚದೆ ನನ್ನ ಕಡೆಗೇ ತೋರಿಸಿದರು. ಆ ಏಳರಲ್ಲಿ ನಾನಿರಬಹುದೇ ಎಂದು ಕೇಳಿದೆ. ಇರಬಹುದು. ಔಷಧಿ ತೆಗೆದುಕೊಂಡರೂ ಉಳಿಯದ ಆ ಇಬ್ಬರಲ್ಲಿ? ಅಲ್ಲಿಯೂ ಇರಬಹುದು ಅಮ್ಮ, ಅದು ನಮಗೆ ಮೊದಲೇ ಗೊತ್ತಾಗುವುದಿಲ್ಲ, ಕೂದಲು ಉದುರುತ್ತದೆ, ಮತ್ತೆ ಹುಟ್ಟುತ್ತದೆ, ಮುಟ್ಟು ನಿಲ್ಲಬಹುದು, ಅದು ಮರಳಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಮಕ್ಕಳ ಆಸೆ ಇದ್ದರೆ ಯೋಚಿಸಿ ನೋಡಿ, ಬೇಡವೆಂದರೂ ತಪ್ಪಲ್ಲ, ಬೇಕೆಂದರೆ ಮುಂದಿನ ಬುಧವಾರ ಬೆಳಿಗ್ಗೆ ಬನ್ನಿ, ಅದಕ್ಕಿಂತ ತಡವಾದರೆ ಪ್ರಯೋಜನ ಕಡಿಮೆ. ನಾಳೆ ಬುಧವಾರ. ಈ ಬಸ್ಸು ಕುಮಟಾದಿಂದ ಹೊರಟು ಮಂಗಳೂರಿಗೆ ಹೋಗುವಂಥದು, ಉಡುಪಿಯಲ್ಲಿ ಇಳಿದರೆ ಮಣಿಪಾಲ, ಅದಕ್ಕೆ ಮೊದಲೇ ಭಟ್ಕಳದಲ್ಲಿ ಇಳಿದರೆ ತೆಂಗಿನಗುಂಡಿಯ ಮನೆ, ನನ್ನ ಮುಷ್ಟಿಯಲ್ಲಿ ಬೆವೆತಿರುವ ಟಿಕೇಟು ಭಟ್ಕಳದ ತನಕ ಮಾತ್ರ. ನೀ ತೌರಿಗೆ ಹೋಗಿ ಅವ್ವನ ಹತ್ರ ಕೇಳ್ಕಂಡು ಬಾ, ಮಂಗಳವಾರ ನಾ ಭಟ್ಕಳ ಸ್ಟ್ಯಾಂಡಲ್ಲಿ ಚೀಲ ಹಿಡ್ಕಂಡು ನಿಂತಿರ್ತೆ, ನೀ ಇಳಿದ್ರೆ ಮನೆಗೆ ಹೋಗ್ವ, ಇಳಿಯದಿದ್ರೆ ನಾ ಹತ್ತೂದು, ಆತಲ್ಲ — ಎಂದು ಹೇಳಿ ಕಳಿಸಿದವನು ನನ್ನ ಗಂಡ ಶನಿಯಾರ, ಬಾಯಿಂದ ನಾನೆಂದೂ ಹೇಳದ ಆ ಹೆಸರನ್ನು ಮನಸ್ಸಿನೊಳಗೆ ಮಾತ್ರ ಎಷ್ಟು ಸಲ ಬೇಕಾದರೂ ಕರೆಯುತ್ತೇನೆ, ಅದೂ ಏಕವಚನದಲ್ಲಿ. ನಿಮಗೆ ಎಂತ ಕಾಣ್ತದೆ ಎಂದು ಕೇಳಿದ್ದಕ್ಕೆ, ನಂಗೆಂತ ಗೊತ್ತು ಮಾರಾಯ್ತಿ, ಪುಸ್ತಕ ಓದಿದವಳು ನೀನು, ಎಂದು ಹರಿದ ಬಲೆಯ ಕಡೆಗೆ ತಿರುಗಿಕೊಂಡ.

ಪುಸ್ತಕ ಓದಿದವಳು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಒಣಮೀನಿನ ಬುಟ್ಟಿ ಹೊತ್ತು ಘಟ್ಟದ ಮೇಲಿನ ಸಂತೆಗಳಿಗೆ ಬಸ್ಸಿನಿಂದ ಬಸ್ಸಿಗೆ ಅಲೆದವಳು, ಮನೆಯಲ್ಲಿ ಎರಡು ದಿನ ಕೂತರೆ ಮೈಯೆಲ್ಲ ಜಡ್ಡುಗಟ್ಟಿದಂತೆ ಎದ್ದು ಹೊರಡುವವಳು, ನಿನ್ನ ಕಾಲಲ್ಲಿ ಚಕ್ರ ಉಂಟು ಎಂದು ಅತ್ತೆ ಬದುಕಿದ್ದ ತನಕ ಬೈದಳು, ಸ್ಟ್ಯಾಂಡಿನ ಅಂಗಡಿಗಳಲ್ಲಿ ರಟ್ಟು ಹರಿದಿದೆಯೆಂದು ಅಗ್ಗಕ್ಕೆ ಬರುವ ಕಾದಂಬರಿಗಳನ್ನು ಕೊಂಡು, ಮೀನಿನ ವಾಸನೆಯ ಬೆರಳಿನಿಂದಲೇ ಹಾಳೆ ತಿರುವಿ, ಕೊನೆಯ ಪುಟ ಕಾಣೆಯಾಗಿದ್ದರೆ ಕೊನೆಯನ್ನು ನಾನೇ ಕಟ್ಟಿಕೊಂಡು — ಅದರಿಂದಲೇ ಇರಬೇಕು, ನನ್ನ ಮನಸ್ಸು ಅಚ್ಚಿನ ಕನ್ನಡದಲ್ಲಿ ಯೋಚಿಸುತ್ತದೆ, ಬಾಯಿ ಮಾತ್ರ ತೆಂಗಿನಗುಂಡಿಯದಾಗಿಯೇ ಉಳಿದಿದೆ. ಆ ಪುಸ್ತಕಗಳಲ್ಲಿ ಕಾಯಿಲೆ ಬಿದ್ದ ಹೆಂಡತಿಯರಿಗೆಲ್ಲ ಒಂದೇ ಕೆಲಸ, ಕೊನೆಯ ಅಧ್ಯಾಯದಲ್ಲಿ ದಿಂಬಿಗೆ ಒರಗಿ, ಬಿಳಿಚಿಕೊಂಡು, ತಂಗಿಯ ಕೈಯನ್ನು ಗಂಡನ ಕೈಯೊಳಗಿಟ್ಟು, ನಗುನಗುತ್ತ ಕಣ್ಣು ಮುಚ್ಚುವುದು, ಎಷ್ಟು ಸಲ ಅತ್ತಿದ್ದೇನೆ ಆ ಪುಟಗಳ ಮೇಲೆ, ಥೂ, ಈಗ ಅಂಥದೊಂದು ಪುಟ ಸಿಕ್ಕಿದರೆ ಅದರಲ್ಲಿ ಬಂಗಡೆ ಸುತ್ತಿ ಕೊಟ್ಟುಬಿಡುತ್ತೇನೆ. ನನಗೂ ಒಬ್ಬ ತಂಗಿ ಇದ್ದಾಳೆ. ಮಂಜಿ. ಇಪ್ಪತ್ತನಾಲ್ಕು ವರ್ಷ, ಇನ್ನೂ ಮದುವೆಯಾಗಿಲ್ಲ, ಹೊಲಿಗೆ ಕಲಿತವಳು, ಈ ಎಂಬತ್ತೈದರ ಮಳೆಗಾಲ ಹಿಡಿಯುವ ಹೊತ್ತಿಗೆ ಕುಮಟಾದಿಂದ ಬಸ್ಸಿನ ತಲೆಯ ಮೇಲೆ ಹೊಲಿಗೆಯ ಮಿಷನ್ನು ಹೇರಿಕೊಂಡು ನಮ್ಮ ಮನೆಗೆ ಬಂದವಳು, ತೆಂಗಿನಗುಂಡಿಯಲ್ಲಿ ಟೇಲರಿಲ್ಲ ಅಕ್ಕ, ನಾಕು ಕುಪ್ಪಸ ಹೊಲಿದು ಹೋಗ್ತೆ ಎಂದವಳು ಹೋಗಲೇ ಇಲ್ಲ, ನಾನು ಮಲಗಿದ ಮೇಲೆ ಅಡಿಗೆಯೂ ಅವಳದೇ, ಮೀನು ಹೆಚ್ಚುವುದೂ ಅವಳೇ, ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಬಾಚುತ್ತಾಳೆ, ನಿಂತೇ ಬಾಚಬೇಕು, ಕುಳಿತರೆ ಕೂದಲು ನೆಲಕ್ಕೆ ಬೀಳುತ್ತದೆ. ಔಷಧಿ ತಕ್ಕೊ ಅಕ್ಕ, ಕೂದ್ಲು ಹೋದ್ರೆ ನಂದು ಕತ್ತರಿಸಿ ಚೌರಿ ಮಾಡ್ವ, ನಂಗೆಂತ, ಮತ್ತೆ ಬೆಳಿತದೆ — ಕತ್ತರಿಯನ್ನು ಕೈಯಲ್ಲಿ ಹಿಡಿದೇ ಹೇಳಿದಳು. ಕೊಡುವಷ್ಟು ಇರುವವರಿಗೆ ಕೊಡುವುದು ಎಷ್ಟು ಸುಲಭ. ಅವಳ ಕೂದಲನ್ನು ಮುಡಿದುಕೊಂಡು ನಾನು ನನ್ನ ಗಂಡನ ಎದುರು ಕುಳಿತುಕೊಳ್ಳಬೇಕು, ಅವನು ಕೈ ಹಾಕಿದರೆ ಅವನ ಕೈಗೆ ಸಿಗುವುದು ಅವಳ ಕೂದಲು — ಹೀಗೆ ಯೋಚಿಸುವವಳು ನಾನೇ ಹೌದೇ, ಹೌದು, ನಾನೇ. ಮತ್ತು ಆ ಅಳತೆಯ ಟೇಪು. ಚೌತಿಗೆ ನಾಲ್ಕು ದಿನವಿತ್ತು, ಆಪರೇಷನ್ನು ಮುಗಿದು ಹನ್ನೆರಡನೆಯ ದಿನ, ನಾನು ಒಳಕೋಣೆಯ ಚಾಪೆಯ ಮೇಲೆ, ಬಾಗಿಲು ಅರ್ಧ ತೆರೆದಿತ್ತು, ಜಗುಲಿಯಲ್ಲಿ ಶನಿಯಾರ ಎರಡೂ ಕೈ ಮೇಲೆತ್ತಿ ಹಂಚಿನ ಕಡೆ ನೋಡುತ್ತ ನಿಂತಿದ್ದ, ಮಂಜಿ ಎದುರು ನಿಂತು ಅವನ ಬೆನ್ನಿನ ಹಿಂದಿನಿಂದ ಟೇಪನ್ನು ತಂದು, ಅವಳ ಎರಡೂ ಕೈಗಳು ಅವನ ಎದೆಯ ನಡುವೆ ಸೇರಿ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಮೂವತ್ತಾರೂವರೆ ಬಾವ, ಉಸಿರು ಬಿಡಿ, ಹೊಟ್ಟೆ ಒಳಗೆ ಎಳ್ಕಂಡ್ರೆ ಆಮೇಲೆ ಅಂಗಿ ಹರಿತದೆ, ಎಂದಳು, ಅವನು ನಕ್ಕ, ಆ ಮನೆಯಲ್ಲಿ ತಿಂಗಳಿಂದ ಯಾರೂ ನಕ್ಕಿರಲಿಲ್ಲ, ನಗುವಾಗ ಎದೆ ಏರಿಳಿದು ಟೇಪು ಸಡಿಲವಾಯಿತು, ಅವಳು ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದಳು. ಅಷ್ಟೇ. ಹಬ್ಬಕ್ಕೊಂದು ಅಂಗಿಯ ಅಳತೆ. ಬೇರೇನೂ ಇಲ್ಲ. ಆ ಹೆಬ್ಬೆರಳು.

ಹೊನ್ನಾವರ, ಹೊನ್ನಾವರ, ಇಳಿಯೋರು ಬೇಗ ಇಳಿರಿ — ಇಷ್ಟು ಬೇಗ ಬಂತೇ, ಅಬ್ಬಲಿಗೆಯ ತುರುಬು ಇಳಿಯಿತು, ಜಡೆ ಇಳಿಯಿತು, ನನ್ನ ಎಣಿಕೆಯೆಲ್ಲ ತಪ್ಪಿಹೋಯಿತು. ಒಂಚೂರು ಸರಿರಿ ಅಕ್ಕ, ಎಂದು ಒಬ್ಬಳು ಕಂಕುಳಲ್ಲಿ ಮಗುವನ್ನೂ ಕೈಯಲ್ಲಿ ಚೀಲವನ್ನೂ ಹಿಡಿದು ನನ್ನ ಎಡಕ್ಕೆ ಕುಳಿತಳು, ನನ್ನದೇ ಪ್ರಾಯ, ನೀಲಿ ಕುಪ್ಪಸ, ಮಾವಳ್ಳಿಗೆ ಹೋಗೂದು, ತೌರಿಂದ ಬಂದೆ, ಇವನು ಬಸ್ಸಲ್ಲಿ ಕೂಗಿ ಊರು ಒಟ್ಟುಮಾಡ್ತ, ಎನ್ನುತ್ತಲೇ ಸೆರಗಿನೊಳಗೆ ಮಗುವನ್ನು ಎಳೆದುಕೊಂಡಳು. ಸದ್ದು. ಗುಟುಕು ನುಂಗುವ ಆ ಸಣ್ಣ ಸದ್ದು. ಕಿಟಕಿಯ ಆಚೆ ನೋಡುತ್ತೇನೆ, ಆದರೂ ಕೇಳಿಸುತ್ತದೆ, ಇಂಜಿನ್ನಿನ ಗದ್ದಲದೊಳಗಿನಿಂದಲೂ ಕೇಳಿಸುತ್ತದೆ, ಮತ್ತು ವಾಸನೆ, ಹಾಲಿನ ಆ ಹುಳಿಯಾದ ಸಿಹಿ ವಾಸನೆ, ಅದರ ಹಿಂದೆಯೇ ನನಗೆ ಮಲ್ಲಿಗೆಯ ವಾಸನೆ ಬರುತ್ತದೆ, ಬಸ್ಸಿನಲ್ಲಿ ಯಾರೂ ಮಲ್ಲಿಗೆ ಮುಡಿದಿಲ್ಲ, ಎಣಿಸಿದ್ದೇನಲ್ಲ. ನನಗೆ ಹಾಲೆಂದರೆ ಮಲ್ಲಿಗೆ. ನನ್ನ ಮೊಟ್ಟಮೊದಲ ನೆನಪೇ ಅದು, ಮೂರು ತುಂಬಿತ್ತೋ ಇಲ್ಲವೋ, ಓಡಿ ಬಂದು ಅವ್ವನ ಸೆರಗು ಎಳೆದರೆ ಎದೆಗೆ ಬಿಳಿ ಬಟ್ಟೆ ಬಿಗಿದಿತ್ತು, ಒಳಗೆ ಮಲ್ಲಿಗೆಯ ಮೊಗ್ಗು, ಬಾಯಿಟ್ಟರೆ ನಾಲಿಗೆಗೆ ಕಹಿ, ಹಾಲು ಬತ್ತಿಸಲು ನಮ್ಮ ಕಡೆ ಹಾಗೆಯೇ ಕಟ್ಟುವುದು, ಇನ್ನು ನಿಂಗಿಲ್ಲ, ಇನ್ನು ಬಪ್ಪ ಪಾಪುಗೆ, ಎಂದಳು ಅವ್ವ, ಮಳೆಗಾಲ ಮುಗಿಯುವುದರೊಳಗೆ ಆ ಪಾಪು ಬಂದು ನಾನಿದ್ದ ಜಾಗದಲ್ಲಿ ಮಲಗಿತ್ತು, ಅದೇ ಮಂಜಿ. ನಾನು ಅವಳ ಕಾಲಿನ ಹೆಬ್ಬೆರಳು ಕಚ್ಚಿದೆನಂತೆ, ರಕ್ತ ಬರುವ ಹಾಗೆ, ಇಂದಿಗೂ ಅದನ್ನು ಹೇಳಿ ಎಲ್ಲರೂ ನಗುತ್ತಾರೆ, ಮಂಜಿಯೂ ಕಾಲು ಚಾಚಿ ತೋರಿಸುತ್ತಾಳೆ, ನೋಡಿ ಬಾವ, ನಿಮ್ಮ ಹೆಂಡ್ತಿ ಕಚ್ಚಿದ ಗುರ್ತು. ಎಂಬತ್ತೊಂದರಲ್ಲಿ ನನ್ನ ಎದೆಗೂ ಅದೇ ಬಟ್ಟೆ ಬಿಗಿದರು. ಹನ್ನೊಂದು ದಿನ ಬದುಕಿದ ಮಗು, ಹೆಣ್ಣು, ಮರುದಿನ ಹೆಸರಿಡುವುದಿತ್ತು, ತೊಟ್ಟಿಲು ತರಲು ಹೋದವರು ತೊಟ್ಟಿಲೊಂದಿಗೇ ಬಂದರು, ಮಗುವಿರಲಿಲ್ಲ, ಹಾಲಿಗೆ ಅದು ತಿಳಿಯಲಿಲ್ಲ, ಕುಪ್ಪಸ ತೊಯ್ದು ಹೊಟ್ಟೆಯ ತನಕ ಹರಿಯಿತು, ಅತ್ತೆ ಮೊಗ್ಗು ತಂದು ಇಟ್ಟು ಬಿಗಿದು ಕಟ್ಟಿದಳು, ಮೂರು ದಿನ, ಬಿಚ್ಚಿದಾಗ ಮೊಗ್ಗುಗಳೆಲ್ಲ ಕಂದಿ ಬೆಂದ ಅನ್ನದಂತೆ ಮೈಗೆ ಅಂಟಿಕೊಂಡಿದ್ದವು. ಅದಾಗಿ ನಾಲ್ಕು ವರ್ಷಕ್ಕೆ, ಈ ಫೆಬ್ರವರಿಯಲ್ಲಿ, ಮೀಯುವಾಗ ಬೆರಳಿಗೆ ಹುಣಸೆಬೀಜದಷ್ಟು ಗಂಟು ಸಿಕ್ಕಿದಾಗ ನಾನು ಬೇರೆ ಏನನ್ನು ತಿಳಿದುಕೊಳ್ಳಬೇಕಿತ್ತು, ಹಾಲೆಂದೇ ತಿಳಿದೆ, ಅಂದು ಬತ್ತದೆ ಒಳಗೇ ಉಳಿದ ಹಾಲು, ಪಕ್ಕದ ಮನೆಯ ಮುದುಕಿ ಗಂಗಿಯೂ ಒತ್ತಿ ನೋಡಿ, ಹಾಲಿನ ಗಂಟೇ ಹೌದೆ, ಹೂ ಕಟ್ಟಿದ್ದು ಸಾಕಾಗ್ಲಿಲ್ಲ, ಮತ್ತೆ ಕಟ್ಟು, ಎಂದಳು. ಕಟ್ಟಿದೆ. ಭಟ್ಕಳದ ಮಲ್ಲಿಗೆ ಬಿಡುವ ಕಾಲ, ಮಾರ್ಚಿನಿಂದ ಮೇ ಮುಗಿಯುವ ತನಕ, ಲೋಕದ ಹೆಂಗಸರು ತಲೆಗೆ ಮುಡಿದ ಹೂವನ್ನು ನಾನು ಎದೆಗೆ ಕಟ್ಟಿಕೊಂಡು ಸಂತೆಯಿಂದ ಸಂತೆಗೆ ತಿರುಗಿದೆ, ಯಾರಿಗೂ ಹೇಳಲಿಲ್ಲ, ಸತ್ಯ ಹೇಳಬೇಕೆಂದರೆ ಸ್ವಲ್ಪ ಸಂತೋಷವೂ ಇತ್ತು, ಆ ಮಗುವಿಗೆಂದು ಬಂದ ಹಾಲು ಒಂದು ಹನಿಯಾದರೂ ನನ್ನಲ್ಲಿ ಉಳಿದಿದೆಯೆಂದು. ಜೂನಿನಲ್ಲಿ ಕುಪ್ಪಸದ ಅಳತೆ ತೆಗೆಯಲು ಮಂಜಿ ಟೇಪು ಬಿಗಿದವಳು ಅರ್ಧಕ್ಕೇ ನಿಲ್ಲಿಸಿದಳು, ಅಕ್ಕ, ಇದೆಂತ, ನೋವುಂಟಾ? ಇಲ್ಲ, ಹಾಲಿನ ಗಂಟು. ನಾಕು ವರ್ಷದ ಹಾಲಾ? ಹುಚ್ಚುಂಟಾ ನಿಂಗೆ, ನಾಳೆನೇ ಆಸ್ಪತ್ರೆಗೆ ಹೋಗ್ವ, ನೀ ಬರದಿದ್ರೆ ಬಾವನ ಹತ್ರ ಹೊರಿಸ್ಕಂಡಾದ್ರೂ ಹೋಗ್ತೆ. ಬೇಗ ಸಿಕ್ಕಿತು ಎಂದು ಡಾಕ್ಟರು ಹೊಗಳಿದ್ದು ನನ್ನನ್ನಲ್ಲ, ಅವಳ ಟೇಪನ್ನು. ಜೀವ ಉಳಿದರೆ ಅದೂ ಅವಳು ಕೊಟ್ಟದ್ದೇ, ಹಾಗೆಂದು ಊರೆಲ್ಲ ಹೇಳುತ್ತದೆ, ಅವಳೊಬ್ಬಳು ಹೇಳುವುದಿಲ್ಲ, ಹೇಳದೇ ಇರುವುದಕ್ಕಾಗಿಯೂ ನಾನು ಅವಳನ್ನು ಕ್ಷಮಿಸಲಾರೆ.

ಬಸ್ಸು ಶರಾವತಿಯ ಸೇತುವೆಯ ಮೇಲೆ, ನೀರಿನ ಗಾಳಿ, ಕೆಳಗೆ ದೋಣಿಗಳು ಮಾವಿನೆಲೆ ಚೆಲ್ಲಿದಂತೆ, ಮೊದಲು ಲಾಂಚಿನಲ್ಲಿ ದಾಟುವಾಗ ಈ ಹೊಳೆ ಎಷ್ಟು ದೊಡ್ಡದಾಗಿತ್ತು, ಮದುವೆಯಾಗಿ ದಕ್ಷಿಣಕ್ಕೆ ಬರುವ ದಿನ ಶನಿಯಾರ ಲಾಂಚಿನ ಅಂಚಿನಲ್ಲಿ ನಿಂತು ನೀರು ನೋಡಿ, ಇಲ್ಲಿ ಕಾಂಡ್ಲಿ ಮೀನುಂಟು, ಎಂದದ್ದೇ ಅವನು ನನ್ನೊಡನೆ ಆಡಿದ ಮೊದಲ ಮಾತು — ಅಯ್ಯೋ, ಇದೇನು, ಹಾಲು ಕುಡಿದು ಮಗ್ಗುಲಾದ ಮಗುವಿನ ತಲೆ ತಾಯಿಯ ತೋಳಿನಿಂದ ಜಾರಿ ನನ್ನ ಎಡ ಎದೆಗೆ ಒರಗಿದೆ. ಅಲ್ಲಿರುವುದು ಎದೆಯಲ್ಲ. ಅಲ್ಲಿರುವುದು ಸಾಸಿವೆ. ಹತ್ತಿ ತುಂಬಿದ್ರೆ ಹಗುರಾಗಿ ಮೇಲೆ ಮೇಲೆ ಬರ್ತದೆ ಅಕ್ಕ, ಎರಡೂ ಬದಿ ತೂಕ ಒಂದೇ ಇರ್ಬೇಕು, ಎಂದು ಮಂಜಿ ಮಲ್ಲುಬಟ್ಟೆಯ ಸಣ್ಣ ಚೀಲ ಹೊಲಿದು, ಸಾಸಿವೆ ತುಂಬಿ, ಕುಪ್ಪಸದ ಒಳಗೆ ಜೇಬು ಮಾಡಿ ಕೂರಿಸಿದ್ದಾಳೆ, ಮತ್ತೆ, ಹುರಿದೇ ತುಂಬ್ಸಿದ್ದೆ, ಹಸಿದಾದ್ರೆ ಬೆವ್ರಿಗೆ ಮೊಳಕೆ ಬಂದೀತು, ಎದೆ ಮೇಲೆ ಸಾಸಿವೆ ಗಿಡ ಎದ್ರೆ ಬಾವ ಹೆದ್ರಿ ಬೋಟಲ್ಲೇ ಮಲಗ್ತ್ರು — ನಾನು ನಕ್ಕಿದ್ದೆ, ನಗಬಾರದೆಂದುಕೊಂಡೂ ನಕ್ಕಿದ್ದೆ, ಹೊಲಿಗೆ ಎಳೆದು ನೋವಾಗುವಷ್ಟು. ಮಗು ಕೆನ್ನೆಯನ್ನು ಒಮ್ಮೆ ಉಜ್ಜಿತು, ಒಳಗೆ ಕಾಳು ಸಣ್ಣಗೆ ಸರಿದವು, ದೂರದ ಮರಳಿನ ಮೇಲೆ ತೆರೆ ಹಿಂದಿರುಗುವಂಥ ಸದ್ದು, ಅದು ಅಲ್ಲಿಯೇ ನಿದ್ರೆ ಹೋಯಿತು. ಎಬ್ಬಿಸಬೇಡಿ, ಇರಲಿ, ಎಂದೆ ನಾನು, ತಾಯಿ ಎತ್ತಿಕೊಳ್ಳಲು ಬಂದಾಗ. ನಿಮಗೆಷ್ಟು ಮಕ್ಳು ಅಕ್ಕ? ಒಂದು, ಹೆಣ್ಣು. ಎಷ್ಟು ದೊಡ್ಡದು? ಹನ್ನೊಂದು, ಎಂದುಬಿಟ್ಟೆ, ಹನ್ನೊಂದು ವರ್ಷವೆಂದು ಅವಳು ತಿಳಿದುಕೊಂಡಳು, ಅಬ್ಬ, ಹಾಗಾದ್ರೆ ಕೆಲಸಕ್ಕೆಲ್ಲ ಆತದೆ, ಎಂದಳು. ಅವಳ ನೀಲಿ ಕುಪ್ಪಸದ ಬಲಬದಿಗೆ ಹಾಲಿನ ಒದ್ದೆ, ರೂಪಾಯಿಯಗಲ, ನೋಡನೋಡುತ್ತ ಹರಡುತ್ತದೆ, ಅವಳು ನೋಡಿಯೂ ಇಲ್ಲ, ಒರೆಸಿಯೂ ಇಲ್ಲ, ಎಷ್ಟೊಂದು ಇದೆಯೆಂದರೆ ಚೆಲ್ಲಿಹೋಗುವುದರ ಲೆಕ್ಕವೇ ಇಲ್ಲ. ಇವಳು ಖಂಡಿತ ಆ ಏಳರಲ್ಲಿ ಒಬ್ಬಳು. ಆ ಏಳು ಜನರನ್ನು ನಾನು ದಿನವೂ ಕಾಣುತ್ತೇನೆ, ತೆಂಗಿನಗುಂಡಿಯ ದಡದ ಮೇಲೆ ಸಾಲಾಗಿ ಬರುತ್ತಾರೆ, ಬುಟ್ಟಿ ಹೊತ್ತು, ಕೈ ಬೀಸಿಕೊಂಡು, ಒಬ್ಬಳ ಮೇಲೊಬ್ಬಳು ಬಿದ್ದು ನಗುತ್ತ, ಔಷಧಿಯಿಲ್ಲದೆ ಬದುಕುವವರು, ಬದುಕುತ್ತೇವೆಂದು ತಿಳಿಯದೆಯೇ ಬದುಕುವವರು, ನಾನು ಅವರ ಹಿಂದೆ ಓಡುತ್ತೇನೆ, ನನ್ನ ಕಾಲು ಮರಳಿನಲ್ಲಿ ಹೂಳುತ್ತದೆ, ಮುಖ ತಿರುಗಿಸಿರಿ, ನಾನಿದ್ದೇನೆಯೇ ನಿಮ್ಮಲ್ಲಿ, ಯಾರೂ ತಿರುಗುವುದಿಲ್ಲ, ಏಳೂ ಬೆನ್ನಿನ ಮೇಲೆ ಏಳು ಜಡೆ.

ಬಸ್ಸು ಮಂಕಿ ಊರು ದಾಟಿತು. ಗದ್ದೆಯಲ್ಲಿ ಭತ್ತ ಹಣ್ಣಾಗಿದೆ, ಒಂದು ಕೊಕ್ಕರೆ, ಎರಡು, ಬೇಡ, ಎಣಿಸಬಾರದು. ಅವ್ವನನ್ನು ಕೇಳಿದ್ದಾಯಿತು. ನಿನ್ನೆ ಇಡೀ ಹಗಲು ಅವಳು ಏಡಿ ಬಿಡಿಸುತ್ತ ಕುಳಿತಿದ್ದಳು, ನಾನು ಡಾಕ್ಟರ ಹಾಗೆಯೇ ಹತ್ತು ಬೆರಳು ಬಿಡಿಸಿ ಹೇಳಿದೆ, ಏಳು, ಎಂಟು, ಅವಳು ಬೆರಳುಗಳನ್ನು ನೋಡಲಿಲ್ಲ, ನನ್ನ ಕುಪ್ಪಸವನ್ನು ನೋಡಿದಳು, ಅದು ಹಾಲಿನ ಗಂಟೇ ಆಗಿತ್ತು ಮಾಸ್ತಿ, ಹೂ ಸರಿ ಕಟ್ಲಿಲ್ಲ ನೀನು, ಕೊಯ್ಸಕಂಡದ್ದು ಆತು, ಇನ್ನು ಆ ವಿಷ ಎಂತಕ್ಕೆ, ಮೊದ್ಲು ಒಂದು ಹೆತ್ಕೊ, ಗಂಡಸಿಗೆ ತೊಡೆ ಮೇಲೆ ಕೂರ್ಸಕಂಬೂಕೆ ಒಂದು ಬೇಕಲ್ಲೆ. ಮತ್ತೆ ಅದು ತಿರುಗಿ ಬಂದ್ರೆ ಅವ್ವ? ಅವಳು ಏಡಿಯ ಕಾಲೊಂದನ್ನು ಮುರಿದಳು. ಬಪ್ಪೂದಿಲ್ಲ. ಬಂದ್ರೆ? ಅಷ್ಟಕ್ಕೂ ಎಂತಾರೂ ಹೆಚ್ಚುಕಮ್ಮಿ ಆದ್ರೆ ಮಂಜಿ ಉಂಟಲ್ಲೆ ಮಗ, ಯಾರೋ ಗುರ್ತಿಲ್ಲದವಳು ಬಂದು ನಿನ್ನ ಪಾತ್ರೆಪಗಡಿ ಮುಟ್ಟೂದಕ್ಕಿಂತ ನಿನ್ನ ತಂಗಿನೇ ಮುಟ್ಟಿದ್ರೆ ನಿಂಗೂ ಸಮಾಧಾನ ಅಲ್ಲದನೆ — ಸಮಾಧಾನವೆಂದೇ ಅವಳು ಹೇಳಿದ್ದು, ನನ್ನ ತಲೆ ಸವರಿಯೇ ಹೇಳಿದ್ದು, ಅವಳ ಅಂಗೈಯಿಂದ ಏಡಿಯ ನೀರು ನನ್ನ ಬೈತಲೆಗೆ ಇಳಿಯಿತು. ಈ ಮಾತು ಅವಳ ಬಾಯಿಗೆ ನಿನ್ನೆ ಬಂದದ್ದಲ್ಲ, ಎ‌ಲ್ಲೋ ಕುಳಿತು ಯಾರೊಡನೆಯೋ ಆಡಿ ನುಣುಪಾದ ಮಾತು. ಮಂಜಿಗೂ ಗೊತ್ತೇ. ಅವನಿಗೂ ಗೊತ್ತೇ. ಮೂವತ್ತಾರೂವರೆ ಬಾವ, ಉಸಿರು ಬಿಡಿ. ಇಳಿದು ಮನೆಗೆ ಹೋದರೆ ಹೀಗೆ: ಕೂದಲಿರುತ್ತದೆ, ಮುಟ್ಟಿರುತ್ತದೆ, ಬಹುಶಃ ಒಂದು ಮಗು, ಏಳರಲ್ಲಿ ಒಬ್ಬಳಾಗಿದ್ದರೆ ಅದರ ಮದುವೆಯನ್ನೂ ನೋಡುತ್ತೇನೆ, ಆಗಿಲ್ಲದಿದ್ದರೆ ಅದು ಮಂಜಿಯ ಕಂಕುಳಲ್ಲಿ ಬೆಳೆಯುತ್ತದೆ, ಅವಳನ್ನೇ ಅವ್ವ ಎನ್ನುತ್ತದೆ, ನಾನು ಗೋಡೆಯ ಮೇಲಿನ ಫೋಟೋ, ನನ್ನ ಫೋಟೋಕ್ಕೆ ಅವಳೇ ಶುಕ್ರವಾರ ಹೂ ಹಾಕುತ್ತಾಳೆ, ಮಲ್ಲಿಗೆಯನ್ನೇ ಹಾಕುತ್ತಾಳೆ. ಹೋಗಿ ಔಷಧಿ ತೆಗೆದುಕೊಂಡರೆ ಹೀಗೆ: ಬೋಳು ತಲೆ, ವಾಂತಿ, ಬರಡಾದ ಹೊಟ್ಟೆ, ಒಂದು ಬದಿಗೆ ಸಾಸಿವೆ, ಅವನು ಒಳ್ಳೆಯವನು, ಏನೂ ಹೇಳುವುದಿಲ್ಲ, ಎರಡು ವರ್ಷ ಹೇಳುವುದಿಲ್ಲ, ಮೂರನೆಯ ವರ್ಷ ಅವ್ವನೇ ಬಂದು ಹೇಳುತ್ತಾಳೆ, ಒಂದು ಮಗುವಿಗಾಗಿ, ಮನೆಯಲ್ಲೇ ಇದ್ದಾಳಲ್ಲ. ಯಾವ ದಾರಿಯಲ್ಲಿ ಹೋದರೂ ಕೊನೆಯಲ್ಲಿ ಮೆಟ್ಟಿಲ ಮೇಲೆ ನಿಂತು ಬಾಚಿಕೊಳ್ಳುತ್ತಿರುವವಳು ಮಂಜಿ. ಆದರೆ ಒಂದು ದಾರಿಯಲ್ಲಿ ನಾನು ಅದನ್ನು ನೋಡುತ್ತಿರುತ್ತೇನೆ. ನೋಡುವುದಕ್ಕೆ ಕಣ್ಣಿರುತ್ತದೆ, ಉರಿಯುವುದಕ್ಕೆ ಹೊಟ್ಟೆಯಿರುತ್ತದೆ, ಹೋಗೆ ಇಲ್ಲಿಂದ ಎನ್ನುವುದಕ್ಕೆ ಬಾಯಿ. ಫೋಟೋಕ್ಕೆ ಹೊಟ್ಟೆಕಿಚ್ಚಾಗುವುದಿಲ್ಲ. ಹೀಗೆ ಯಾರಾದರೂ ಬದುಕಲು ಬಯಸಿದ್ದುಂಟೇ, ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ, ಅಲ್ಲಿ ಎಲ್ಲರೂ ಪ್ರೀತಿಗಾಗಿ ಬದುಕುತ್ತಾರೆ, ಮಕ್ಕಳಿಗಾಗಿ, ದೇವರ ದಯೆಯಿಂದ. ಮಾವಳ್ಳಿ, ಯಾರ್ರಿ ಮಾವಳ್ಳಿ — ಬರ್ತೆ ಅಕ್ಕ, ನಿಮ್ಮ ಎದೆ ಮೇಲೆ ಚಲೋ ನಿದ್ದೆ ಮಾಡ್ದ, ಎಂದು ನೀಲಿ ಕುಪ್ಪಸದವಳು ಮಗುವನ್ನು ಎತ್ತಿಕೊಂಡಳು, ನನ್ನ ಕುಪ್ಪಸದ ಮೇಲೆ ಎಂಜಲಿನ ಒಂದು ಕಲೆ ಉಳಿಯಿತು, ಸಾಸಿವೆಯ ಮೇಲೆ, ಕೆನ್ನೆಯ ಶಾಖ ಇನ್ನೂ ಇದೆಯೆಂದು ಅನಿಸುತ್ತದೆ, ಚರ್ಮವಿಲ್ಲದ ಜಾಗಕ್ಕೆ ಶಾಖ ಹೇಗೆ ತಿಳಿಯುತ್ತದೆ.

ಶಿರಾಲಿ. ವೆಂಕಟಾಪುರದ ಹೊಳೆ. ಇನ್ನು ಐದು ನಿಮಿಷ. ಅಂಗೈಯಲ್ಲಿ ಟಿಕೇಟು ಒದ್ದೆಯಾಗಿ ಅಚ್ಚು ಅಳಿಸಿದೆ, ಭಟ್ಕಳ ಎಂಬುದು ಓದಲಾಗುತ್ತಿಲ್ಲ. ಎರಡೂ ಕಡೆ ಅಂಗಡಿಗಳು, ಅತ್ತರಿನ ವಾಸನೆ, ಬಿರಿಯಾನಿಯ ವಾಸನೆ, ಭಟ್ಕಳ, ಭಟ್ಕಳ, ಹತ್ತು ನಿಮಿಷ ಚಾಕ್ಕೆ ನಿಲ್ತದೆ — ಅಗೋ ಅಲ್ಲಿ. ಶನಿಯಾರ ನಿಂತಿದ್ದಾನೆ, ಚೀಲ ಹಿಡಿದು, ಆ ಅಂಗಿಯಲ್ಲಿ, ಬಿಳಿಯ ಮೇಲೆ ನೀಲಿ ಗೆರೆಯ ಚೌತಿಯ ಅಂಗಿ, ಎದೆಯಲ್ಲಿ ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಪಕ್ಕದಲ್ಲಿ ಮಂಜಿ, ಬಾಳೆಯೆಲೆಯ ಪೊಟ್ಟಣ ಹಿಡಿದಿದ್ದಾಳೆ, ಹೊಲಿಯುತ್ತಿದ್ದವಳು ಹಾಗೆಯೇ ಎದ್ದು ಬಂದಿರಬೇಕು, ಕೊರಳಿನಲ್ಲಿ ಟೇಪು ಇನ್ನೂ ನೇತಾಡುತ್ತಿದೆ. ಇಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಆ ಜಾಗವನ್ನು ಅವರು ನನಗಾಗಿ ಬಿಟ್ಟಿದ್ದಾರೆಯೋ, ಅಥವಾ ನಾನು ನೋಡುತ್ತೇನೆಂದು ಬಿಟ್ಟಿದ್ದಾರೆಯೋ, ತಿಳಿಯದು, ತಿಳಿಯುವುದೂ ಇಲ್ಲ, ಡಾಕ್ಟರಿಗೇ ಗೊತ್ತಾಗದ್ದು ಇರುತ್ತದೆ, ಅದು ನನ್ನ ಜಾಗ, ನನ್ನದು, ಕಾಲು ಕಚ್ಚಿಯಾದರೂ ನನ್ನದು. ಮಂಜಿ ಓಡಿ ಬಂದು ಕಿಟಕಿಗೆ ಪೊಟ್ಟಣ ಚಾಚಿದಳು, ಅಕ್ಕ, ಹೂ ತಂದಿದ್ದೆ, ಕೂದ್ಲು ಇರೂ ತನಕ ಮುಡ್ಕೊ, ಇಳಿತ್ಯೋ, ಬಾವ ಹತ್ತೂದೋ, ಎಂತಾರೂ ಬೇಗ ಹೇಳೆ, ಮಿಷನ್ ಮೇಲೆ ಬೇರೆಯವರ ಬಟ್ಟೆ ಬಿಟ್ಟು ಬಂದಿದ್ದೆ. ಶನಿಯಾರ ಮುಖ ಮೇಲೆತ್ತಿ ನೋಡಿದ, ಗಾಳಿ ಎತ್ತಲಿದೆಯೆಂದು ಬೋಟಿನ ಮೇಲೆ ನಿಂತು ನೋಡುವ ಹಾಗೆ. ಮೇಲೆ ಹತ್ತಿ ನೀವು, ಎಂದೆ. ಹೌದಾ, ಎಂದ. ಹೌದು, ಹತ್ತಿ. ಅವನು ಬಾಗಿಲ ಕಡೆಗೆ ಸುತ್ತುವಾಗ ನಾನು ಪೊಟ್ಟಣವನ್ನು ಬಲಗೈಗೆ ತೆಗೆದುಕೊಂಡು ಕಿಟಕಿಯಿಂದ ಇನ್ನೊಂದು ಕೈ ಚಾಚಿದೆ, ಎಡಗೈ, ಇಷ್ಟು ದಿನ ಹೆಗಲಿನ ಮಟ್ಟಕ್ಕೂ ಏರದ ಕೈ, ಹೊಲಿಗೆಯ ಜಾಗ ಚುರ್ರೆಂದಿತು, ಟೇಪು ಕೊಡು. ಟೇಪಾ? ಆಸ್ಪತ್ರೇಲಿ ಟೇಪು ಎಂತಕ್ಕೆ, ನರ್ಸಿನ ಸೊಂಟ ಅಳೆಯೂಕಾ? ಬೇಕು ನಂಗೆ, ಕೊಡು. ಮತ್ತೆ ನಾ ಹೊಲಿಯೂದೆಂತದ್ರಲ್ಲಿ ಮಾರಾಯ್ತಿ? ಹೊಸದು ತಕ್ಕಣಬೇಡ, ಆರು ತಿಂಗ್ಳು ನೂಲು ಹಿಡಿದು ಅಳೆ, ಇದನ್ನ ನಾನೇ ತಿರುಗಿ ತತ್ತೆ. ಅವಳು ನಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು, ತಿಳಿಯಿತೇ ಅವಳಿಗೆ, ಏನು ತಿಳಿಯಿತು, ಕೊರಳಿನಿಂದ ಟೇಪನ್ನು ಎಳೆದು ನನ್ನ ಮುಷ್ಟಿಗೆ ಹಾಕಿದಳು, ಬೆಚ್ಚಗಿತ್ತು, ನೀನೇ ತಾ ಮತ್ತೆ, ಬಾವನ ಹತ್ರ ಕೊಟ್ಟು ಕಳಿಸಬೇಡ, ಎಂದಳು. ಕಂಡಕ್ಟರಿಗೆ ಶನಿಯಾರ ಹೇಳುತ್ತಿದ್ದಾನೆ, ಉಡುಪಿ ಎರಡು. ಬೆಳಕೆ ಊರು ಬರುತ್ತದೆ, ಬಂದು ಹೋಗುತ್ತದೆ, ಅವನು ನನ್ನ ಎಡಕ್ಕೆ ಕುಳಿತಿದ್ದಾನೆ, ಸಾಸಿವೆಯ ಬದಿಗೆ, ಅಂಗಿಯಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ ಇನ್ನೂ ಹೋಗಿಲ್ಲ, ಎಂತ ಅದು ಕೈಯಲ್ಲಿ, ಎನ್ನುತ್ತಾನೆ, ಮಡಿಲಲ್ಲಿ ಬಾಳೆಯೆಲೆಯೊಳಗೆ ಮೊಗ್ಗುಗಳು, ಟೇಪು ಬೆರಳುಗಳ ನಡುವೆ ಅಂಗುಲ ಅಂಗುಲವಾಗಿ ಜಾರುತ್ತದೆ, ಇಪ್ಪತ್ತೆಂಟು, ಮೂವತ್ತು, ಕರಿಯ ಗೆರೆಗಳು, ಮೂವತ್ತನಾಲ್ಕು, ಒಂದು ಕಡೆ ಬಣ್ಣ ಸವೆದು ಬೆಳ್ಳಗಾಗಿದೆ, ಅಲ್ಲಿ ನನ್ನ ಹೆಬ್ಬೆರಳು ನಿಲ್ಲುತ್ತದೆ, ಎತ್ತಿದ ಎರಡು ಕೈ, ಹಂಚಿನ ಕಡೆ ನೋಡುವ ಮುಖ, ತುಟಿಯಲ್ಲಿ ಗುಂಡುಸೂಜಿ, ಎದೆಯ ನಡುವೆ ಸೇರಿದ ಎರಡು ಕೈ, ಉಸಿರು ಬಿಡಿ, ಮೂವತ್ತಾರೂವರೆ, ಮೂವತ್ತಾರೂವರೆಯ ಮೇಲೆ ಒತ್ತಿ ಹಿಡಿದ ಆ ಹೆಬ್ಬೆರಳು, ಆ ಹೆಬ್ಬೆರಳು